ಗುರುವಾರದ ಖಾಲಿ ಚೌಕ

ಸಹಿ ಹಾಕಲ್ಲ ಮಾವ, ಹಾಕಲ್ಲ ಅಂದ್ರೆ ಹಾಕಲ್ಲ, ಹೋಗುವಾಗ ಪಂಚ್ ಮಾಡದೆ ಹದಿಮೂರು ಗಂಟೆ ದುಡಿದೆ ಅಂದ್ರೆ ನಂಬೋಕೆ ನಾನೇನು ಕಿವಿಗೆ ಹೂ ಇಟ್ಕೊಂಡಿದೀನಾ, ಎಂದು ಕೂಗಿದವಳು ನಾನೇ, ತಗಡಿನ ಬೀರು ಇನ್ನೂ ಗುಂಯ್‌ಗುಡುತ್ತಿದೆ, ಮ್ಯಾನೇಜರು ರಜೆಗೆ ಹೋಗುವಾಗ ಈ ವಾರದ ಹಾಜರಿ ಕಾರ್ಡುಗಳಿಗೆ ನೀನೇ ಸಹಿ ಹಾಕಮ್ಮ ಅಂದದ್ದೇ ತಡ ನನಗೆ ಕೊಂಬು ಬಂದಿತ್ತು, ಆಸ್ಪತ್ರೆಯ ಬಟ್ಟೆ ಒಗೆಯುವ ಮೂವತ್ತೆರಡು ಜನರ ಕಾರ್ಡು, ಮೂವತ್ತೊಂದರಲ್ಲಿ ಗುರುವಾರ ಎರಡಕ್ಕೆ ಹೊರಗೆ, ಬಾಯ್ಲರ್ ನೋಡಿಕೊಳ್ಳುವ, ನಾವೆಲ್ಲ ಮಾವ ಅನ್ನುವವರದು ಮಾತ್ರ ಖಾಲಿ, ಸಹಿ ಬೀಳದಿದ್ದರೆ ಆ ದಿನವೇ ಗೈರುಹಾಜರಿ — ಮರೆತೆ ಕಣಮ್ಮ, ಅಂದರು, ಮರೆಯೋಕೆ ಅದೇನು ಕೊಡೆಯಾ, ಯಾರು ನೋಡಿದ್ರು ನಿಮ್ಮನ್ನ, ಒಬ್ಬರ ಹೆಸರು ಹೇಳಿ, ಯಾರೂ ಇಲ್ಲಮ್ಮ, ಒಬ್ಬನೇ ನೀರು ನೋಡ್ತಾ ನಿಂತಿದ್ದೆ, ಹಾಗಾದ್ರೆ ನೀರನ್ನೇ ಕರ್ಕೊಂಡು ಬನ್ನಿ ಸಾಕ್ಷಿಗೆ, ಅಂದೆನಲ್ಲ, ಥೂ ನನ್ನ ನಾಲಿಗೆಗೆ — ಬಾಯ್ಲರಿನ ಪುಸ್ತಕ ಮೇಜಿನ ಮೇಲಿಟ್ಟು, ಓದೋಕೆ ಬರುತ್ತಲ್ಲ, ಓದ್ಕೋ, ಎಂದು ಹೊರಟರು, ಬಾಗಿಲನ್ನೂ ಬಡಿಯಲಿಲ್ಲ, ಸಿಟ್ಟಿಳಿದರೆ ಬರ್ತಾರೆ ಬಿಡು ಎಂದು ಪುಸ್ತಕ ತೆರೆದೆ, ಗುರುವಾರ, ಹನ್ನೊಂದೂ ಹತ್ತು, ತಾನಾಗಿ ನೀರು ಬಿಡುವ ಯಂತ್ರ ಕೆಟ್ಟಿದೆ, ಕೈಯಿಂದ ಬಿಡುತ್ತಿದ್ದೇನೆ — ಹೌದು, ಅವತ್ತು ಮಾವ ನನಗೆ ಫೋನು ಮಾಡಿದ್ದರು, ಬೆಂಕಿ ಆರಿಸ್ಲೇನಮ್ಮ ಅಂತ, ಆವಿ ನಿಂತ್ರೆ ಆಪರೇಷನ್ ಕೋಣೆ ಬಟ್ಟೇನ ನೀವು ಒಗೆದು ಕೊಡ್ತೀರಾ ಅಂತ ಗದರಿ ಇಟ್ಟಿದ್ದೆ, ನೀರು ತಳ ಕಂಡರೆ ಆ ಕಬ್ಬಿಣದ ಹೊಟ್ಟೆ ಸಿಡಿಯುತ್ತದೆ, ಅದರ ಮೇಲಿನ ಮಹಡಿಯಲ್ಲೇ ನಾವು ಚಾದರ ಮಡಿಸುತ್ತ ಯಾರದೋ ಗೊರಕೆಯ ಬಗ್ಗೆ ನಗುತ್ತಿದ್ದೆವು, ಎರಡಕ್ಕೆ ಸಾಲಾಗಿ ನಿಂತು ಪಂಚ್ ಮಾಡಿ ಮನೆಗೆ ಹೋದೆವು, ನಡೆದುಕೊಂಡು, ನಮ್ಮ ಕಾಲ ಮೇಲೆ ನಾವು, ದೇವರೇ, ಎರಡರ ಮೇಲೂ ಆಸ್ಪತ್ರೆಗೆ ಆವಿ ಬೇಕು, ಮಾವನ ಬದಲಿಯವನು ಬರಲಿಲ್ಲ, ರಿಪೇರಿಯವನು ಬಂದದ್ದು ಸಂಜೆ ಏಳಕ್ಕೆ, ಕಾರ್ಡು ಮರೆತ ಮನುಷ್ಯ ಒಂದೇ ಒಂದು ಹತ್ತು ನಿಮಿಷವನ್ನೂ ಮರೆತಿಲ್ಲ, ಗಾಜಿನ ಕೊಳವೆಯಲ್ಲಿ ನೀರು ನಾಲ್ಕು ಬೆರಳು, ಹತ್ತು ನಿಮಿಷ ಬಿಟ್ಟು ನಾಲ್ಕು, ಮೂರು ಗಂಟೆಯವರೆಗೆ ಗುಂಡು ಗುಂಡಾದ ಅಂಕಿ, ಆಮೇಲೆ ಒಂದನೇ ಕ್ಲಾಸಿನ ಮಗು ಬರೆದಂತೆ ಸೊಟ್ಟ, ಇದೇನಿದು ಅಂದುಕೊಂಡೆ, ಎಡಗೈ, ಎಡಗೈಯಲ್ಲಿ ಬರೆದದ್ದು, ಬಲಗೈ ನೀರಿನ ವಾಲ್ವಿನ ಚಕ್ರ ಬಿಡುವಂತಿರಲಿಲ್ಲ — ಸಹಿ ಹಾಕಿದೆ, ಪೆನ್ನು ಕಾಗದ ಹರಿಯುವಷ್ಟು ಒತ್ತಿ ಹಾಕಿದೆ, ಗೇಟಿಗೆ ಫೋನು ಮಾಡಿದೆ, ಮಾವನ್ನ ಸ್ವಲ್ಪ ಒಳಗೆ ಕಳಿಸಪ್ಪ, ಅಯ್ಯೋ ಹೋದ್ರಲ್ಲಕ್ಕ, ಬಾಯ್ಲರ್ ಕೋಣೆ ಬೀಗದ ಕೈ ಕೊಟ್ರು, ನಾಳೆಯಿಂದ ಬರಲ್ಲ ಅಂದ್ರು, ನಾನೂ ಕೂಗಿದೆ ಅಕ್ಕ, ತಿರುಗಿ ನೋಡ್ಲಿಲ್ಲ, ಅಂದ ಗೇಟಿನವನು, ಮನೆಗೆ ಹೋಗಿ ಕಾಲು ಹಿಡಿಯಲಾ, ಏನಂತ ಹೇಳಲಿ, ಏನಂತ, ಸೊಟ್ಟ ನಾಲ್ಕು, ಹತ್ತು ನಿಮಿಷ, ಸೊಟ್ಟ ನಾಲ್ಕು, ಹತ್ತು ನಿಮಿಷ, ನಾಲ್ಕು