ಅಜ್ಜಿಯ ಕನ್ನಡಕಕ್ಕೆ ಬೆಕ್ಕಿನ ಮೀಸೆ

ಮೊಮ್ಮಗಳು ಓದಿದ್ದು ದೊಡ್ಡ ಓದು. ಮಾಡುವ ಕೆಲಸ ಮಾತ್ರ ಬೆಕ್ಕಿನ ಮೀಸೆ ತಯಾರಿಸುವುದು. ಕತ್ತಲ ಕೊಳವೆಗಳೊಳಗೆ ತೆವಳಿ ಬಿರುಕು ಹುಡುಕುವ ಯಂತ್ರಗಳಿಗೆ ಅವಳ ಲ್ಯಾಬಿನಲ್ಲಿ ಮೀಸೆ ಕೂರಿಸುತ್ತಿದ್ದರು. ಕೂದಲೆಳೆಯಂಥ ತಂತಿ, ಬುಡದಲ್ಲಿ ಸಾಸಿವೆ ಕಾಳಿನಷ್ಟು ಸೆನ್ಸರ್. ತುದಿಗೆ ಏನಾದರೂ ತಾಗಿದರೆ ಬುಡಕ್ಕೆ ಗೊತ್ತಾಗಬೇಕು, ಅಷ್ಟೇ. ಇದನ್ನು ಕೇಳಿದ ದಿನದಿಂದ ಅಜ್ಜಿ ಅವಳನ್ನು ಕರೆಯುವುದೇ ‘ಮೀಸೆ ಇಂಜಿನಿಯರ್’ ಎಂದು.

ಅಜ್ಜಿಗೆ ಎರಡು ವರ್ಷದಿಂದ ಕಣ್ಣು ಕಾಣಿಸದು. ಆದರೂ ಬೆಳಗಿನ ಚಹಾ ಅವರ ಕೈಯದೇ. ಕೋಲು ನೆಲದ ಸುದ್ದಿ ಹೇಳುತ್ತದೆ, ಮುಖದೆತ್ತರದ ಸುದ್ದಿ ಹೇಳುವುದಿಲ್ಲವಲ್ಲ! ಅಡುಗೆಮನೆಯ ಕಪಾಟಿನ ತೆರೆದ ಬಾಗಿಲು ಮೂರು ಸಲ ಹಣೆಗೆ ಬಡಿದು, ಮೂರನೆಯ ಸಲ ಹೊಲಿಗೆ ಬಿತ್ತು. ಅದನ್ನು ತೆರೆದಿಟ್ಟು ಮರೆಯುವವನು ಅಜ್ಜಿಯ ಮಗ, ಮೊಮ್ಮಗಳ ಅಪ್ಪ, ಆ ಮಾತು ಬೇರೆ. ಅವನೇ ಅವತ್ತು ಖಡಾಖಂಡಿತವಾಗಿ ಹೇಳಿಬಿಟ್ಟ.

“ಸಾಕಮ್ಮ. ಈ ತಿಂಗಳು ಮುಗೀಲಿ, ಆಮೇಲೆ ನೀನು ಅಡುಗೆಮನೆ ಕಡೆ ಕಾಲಿಡೋ ಹಾಗಿಲ್ಲ.”

“ಒಂದು ಲೋಟ ಚಹಾನೂ ಮಾಡಬಾರದು ಅಂದ್ರೆ ನಾನು ಯಾತಕ್ಕೋ ಇರೋದು? ಕುರ್ಚಿ ಕಾಯೋಕಾ?” ಎಂದರು ಅಜ್ಜಿ.

ಕಣ್ಣು ಹೋದರೂ ಅಜ್ಜಿ ಬಿಡದ ಹಳೆಯ ಕನ್ನಡಕವಿತ್ತು. ಮೊಮ್ಮಗಳು ಅದರ ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಮೀಸೆ ಕೂರಿಸಿದಳು. ಏನಾದರೂ ತಾಗಿದರೆ ಕಿವಿಯ ಹಿಂದಿನ ಕಡ್ಡಿ ಗುರ್ರ್ ಎನ್ನಬೇಕು. ಲ್ಯಾಬಿನ ಗಾಜಿನ ಪೆಟ್ಟಿಗೆಯಲ್ಲಿ ನೂರಕ್ಕೆ ನೂರು ಸಲ ಅಂದಿತು. ಮನೆಗೆ ತಂದು ತೊಡಿಸಿದರೆ, ಅಯ್ಯೋ ದೇವರೇ, ನಿಲ್ಲುವುದೇ ಇಲ್ಲ! ಫ್ಯಾನಿಗೆ ಗುರ್ರ್, ಕಿಟಕಿಗೆ ಗುರ್ರ್, ಅಜ್ಜಿ ಸೀನಿದರೂ ಗುರ್ರ್. ಗಾಳಿಯಾಡದ ಕೊಳವೆಗಳಿಗೇ ಮೀಸೆ ಕಟ್ಟಿ ಅಭ್ಯಾಸವಾದ ಈ ಜಾಣೆಗೆ, ಮನೆಯೆಂದರೆ ಗಾಳಿಯೂ ಇರುತ್ತದೆ ಎಂಬುದು ಮರೆತೇಹೋಗಿತ್ತು.

“ತೆಗಿಯೇ ಇದನ್ನ, ತಲೇಲಿ ಜೇನು ಕಟ್ಟಿದ ಹಾಗಿದೆ,” ಎಂದರು ಅಜ್ಜಿ. ತಿಂಗಳು ಮುಗಿಯಲು ಇನ್ನು ಮೂರೇ ದಿನ. ಮೊಮ್ಮಗಳು ಮುಖ ಸಣ್ಣದು ಮಾಡಿಕೊಂಡು ಕೂತಳು.

ಅಜ್ಜಿಯ ಮಡಿಲಲ್ಲಿ ಮನೆಯ ಬೆಕ್ಕು ನಿದ್ದೆ ಹೊಡೆಯುತ್ತಿತ್ತು. ಅವರು ಅದರ ಕೆನ್ನೆಯ ಬಳಿ ಅಂಗೈ ಹಿಡಿದು, “ಅಲ್ವೇ, ಇದೇ ಫ್ಯಾನಿನ ಕೆಳಗೆ ಈ ಸೋಮಾರಿ ಹಾಯಾಗಿ ಮಲಗಿದೆ. ಮೀಸೆಯೆಲ್ಲ ಗಾಳಿಗೆ ಅಲ್ಲಾಡ್ತಿದೆ, ಅದರ ಗೊಡವೆಯೇ ಇಲ್ಲ ಇದಕ್ಕೆ. ಈಗ ನೋಡು,” ಎಂದು ಒಂದೇ ಒಂದು ಮೀಸೆಗೆ ಬೆರಳು ತಾಗಿಸಿದರು. ಬೆಕ್ಕು ತಟ್ಟನೆ ಮುಖ ತಿರುಗಿಸಿತು.

ಮೊಮ್ಮಗಳು ಎದ್ದು ಅಜ್ಜಿಗೊಂದು ಮುತ್ತು ಕೊಟ್ಟು ಲ್ಯಾಬಿಗೆ ಓಡಿದಳು. ಗಾಳಿ ಬಂದರೆ ಮೀಸೆಗಳೆಲ್ಲ ಒಟ್ಟಿಗೆ ಬಾಗುತ್ತವೆ. ವಸ್ತು ತಾಗಿದರೆ ಮೊದಲು ಒಂದು ಬಾಗುತ್ತದೆ. ಎಲ್ಲವೂ ಬಾಗಿದರೆ ಸುಮ್ಮನಿರು, ಒಂದೇ ಬಾಗಿದರೆ ಕೂಗು. ಇಷ್ಟನ್ನು ಆ ಕನ್ನಡಕಕ್ಕೆ ಕಲಿಸಲು ಎರಡು ದಿನ ಹಿಡಿಯಿತು.

ಕೊನೆಯ ದಿನ ಬೆಳಿಗ್ಗೆ, ಯಾವತ್ತೂ ಆ ಹೊತ್ತಿಗೆ ಗೊರಕೆ ಹೊಡೆಯುವ ಮೊಮ್ಮಗಳು ಅಜ್ಜಿಯ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಡೆದಳು. ಫ್ಯಾನು ದಾಟಿದರು, ಸದ್ದಿಲ್ಲ. ಕಪಾಟಿನ ಹತ್ತಿರ ಗುರ್ರ್! ಅಜ್ಜಿ ನಿಂತರು, ಕೈಚಾಚಿ ಬಾಗಿಲನ್ನು ದಬ್ಬನೆ ಮುಚ್ಚಿದರು.

“ಇವನ ಬುದ್ಧಿ ಯಾವತ್ತಿಗೂ ಇಷ್ಟೇ,” ಎಂದು ಗೊಣಗಿದರು. ಪರೀಕ್ಷೆಗೆಂದು ಅದನ್ನು ತೆರೆದಿಟ್ಟವಳು ಮೊಮ್ಮಗಳು.

ಇನ್ನೆರಡು ಹೆಜ್ಜೆ ಹಾಕಿರಬೇಕು, ಮತ್ತೆ ಗುರ್ರ್. ಒಲೆಯ ಮುಂದೆ ಏನೂ ಇರಬಾರದಲ್ಲ! ಮೊಮ್ಮಗಳು ಅಜ್ಜಿಯ ಹೆಗಲ ಮೇಲಿಂದ ಇಣುಕಿದಳು. ಅಪ್ಪ ಬರಿಗಾಲಲ್ಲಿ, ಎರಡೂ ಕೈ ಚಾಚಿ ನಿಂತಿದ್ದ. ಅಜ್ಜಿ ಆ ಕೈ ಹಿಡಿದು, ತೋಳು ತಡವಿ, ಮುಖ ತಡವಿದರು.

“ನೀನೇನೋ? ಇಲ್ಲೇನು ಮಾಡ್ತಿದ್ದೀಯ?”

“ಹೊಲಿಗೆ ಬಿದ್ದ ದಿನದಿಂದ ದಿನಾ ಹೀಗೇ ನಿಲ್ತೀನಮ್ಮ. ನೀನು ಎಡವಿದ್ರೆ ಹಿಡ್ಕೊಳ್ಳೋಕೆ. ಹತ್ತಿರ ಬಂದ್ರೆ ಸದ್ದಿಲ್ಲದೆ ಸರಿದುಬಿಡ್ತಿದ್ದೆ. ಹೇಳಿದ್ರೆ ಬೈತೀಯ ಅಂತ ಹೇಳಲಿಲ್ಲ.”

ಅವನ ಕೆನ್ನೆಯ ಮೇಲಿದ್ದ ಅಜ್ಜಿಯ ಬೆರಳು ಒದ್ದೆಯಾಯಿತು.

“ಅಯ್ಯೋ ಕೋಣ! ನಿಲ್ಲೋದಾದ್ರೆ ಬಾಯಿಬಿಟ್ಟು ಮಾತಾಡ್ತಾ ನಿಲ್ಲಬಾರದೇನೋ? ಇಷ್ಟು ದಿನ ಇಲ್ಲಿ ಒಬ್ಬಳೇ ಇದೀನಿ ಅಂದ್ಕೊಂಡಿದ್ದೆ.”

ಅಪ್ಪ ಪಕ್ಕಕ್ಕೆ ಸರಿದ. “ನಾಳೆನೂ ನಿನ್ನ ಕೈ ಚಹಾನೇ ಬೇಕಮ್ಮ,” ಎಂದ.

“ಮೊದಲು ಇವತ್ತಿಂದು ಕುಡಿ,” ಎಂದು ಅಜ್ಜಿ ಪಾತ್ರೆಗೆ ಕೈ ಹಾಕಿದರು.