ಎಣ್ಣೆ ಮುಖದವನ ಕೈ

ಉದಯಶಂಕರ ಗುಡಿಯ ದೇವಿಗೆ ಉಡಿಸುವ ಕೆನೆಬಣ್ಣದ ಸೀರೆಯನ್ನು ತಮ್ಮ ಶ್ರೀರಾಮನ ಜಗಲಿಯ ಮೇಲೆ ಹರಡಿದ. ನೆರಿಗೆ ಹಿಡಿಯುವ ಕಡೆ ಉಗುರಗಲದ ಕಂದು ಕಲೆಯೊಂದಿತ್ತು. ಒಗೆಯಲು ತೆಗೆದಾಗ ಕಂಡದ್ದಂತೆ. ಚಹಾ ಬೇಡವೆಂದು ಮೆಟ್ಟಿಲಲ್ಲೇ ಹೇಳಿದ್ದ. ಆಸ್ತಿ ಪಾಲಾದ ದಿನದಿಂದ ಅವನು ಈ ಮನೆಯಲ್ಲಿ ನೀರನ್ನೂ ಕುಡಿದವನಲ್ಲ.

ಕುಂಕುಮ ತಾಗಿರಬೇಕು ಎಂದ ಶ್ರೀರಾಮ. ಅಣ್ಣ ತಂಬಿಗೆಯ ನೀರಿಗೆ ಬೆರಳದ್ದಿ ಕಲೆಯನ್ನು ಉಜ್ಜಿದ. ಕುಂಕುಮವಾಗಿದ್ದರೆ ಕೆಂಪಗೆ ಹರಡಬೇಕಿತ್ತು. ಅದು ಇದ್ದಲ್ಲೇ ಇತ್ತು.

"ಕೈ ತೋರ್ಸ್, ಕಾಂಬ."

ಶ್ರೀರಾಮ ಕೈ ಚಾಚಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಯಾಮಿನಿಗೆ ಆ ಕೈಗಳನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಗೆಣ್ಣುಗಳಲ್ಲೆಲ್ಲ ಸೀಳು, ಅಂಗೈ ಒಣಗಿದ ಕೆಸುವಿನೆಲೆಯ ಹಾಗೆ, ಹೆಬ್ಬೆರಳಿನ ಬದಿಯಲ್ಲಿ ಅನ್ನ ಕಲಸಿದರೂ ರಕ್ತ ಜಿನುಗುವ ಬಿರುಕು. ಅಪ್ಪ ಸತ್ತ ಮೇಲೆ ಪ್ರತಿ ನವರಾತ್ರಿಯ ಪೂಜೆಯನ್ನೂ ಒಂದಲ್ಲ ಒಂದು ನೆಪ ಹೇಳಿ ಅಣ್ಣನೇ ಮಾಡಿಕೊಂಡು ಬಂದಿದ್ದ. ಈ ವರ್ಷ ಗುಡಿಯ ಆಡಳಿತ ನೋಡುವ ಮೊಕ್ತೇಸರರು ಮನಸ್ಸು ಮಾಡಿ ಶ್ರೀರಾಮನಿಗೆ ಕೊಟ್ಟಿದ್ದರು; ತಯಾರಿಗೆಂದು ಗರ್ಭಗುಡಿಯ ಬೀಗದಕೈಯೂ ದೇವಿಗೆ ಸೀರೆ ಉಡಿಸುವ ಕೆಲಸವೂ ಮೊದಲೇ ಅವನಿಗೆ ಬಂದಿದ್ದವು. ಆ ಹುರುಪಿನಲ್ಲಿ ಅವನು ಗುಡಿಯ ದೀಪ, ಹರಿವಾಣ, ಕೊಡಪಾನಗಳನ್ನೆಲ್ಲ ಹುಣಸೆಹುಳಿ, ಸೋಪಿನಪುಡಿ ಹಾಕಿ ತಿಕ್ಕಿದ. ಏನು ಮುಟ್ಟಿದರೂ ಬಾವಿಕಟ್ಟೆಗೆ ಹೋಗಿ ಕೈ ತೊಳೆದ. ಕೈ ಉರಿದರೆ ಇನ್ನೊಮ್ಮೆ ತೊಳೆದ. ಒಳ್ಳೆಯ ಪೂಜಾರಿಯಾಗಲು ಹೋಗಿ ಕೈಯನ್ನೇ ಹಾಳುಮಾಡಿಕೊಂಡ.

ಯಾಮಿನಿ ಹೇಳದೆ ಬಿಟ್ಟವಳಲ್ಲ. ಸಾಲಿಗ್ರಾಮ ಪೇಟೆಯ ಮೆಡಿಕಲ್ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಅದರ ಮಹಡಿಯಲ್ಲಿ ಕೂರುವ ಚರ್ಮದ ಡಾಕ್ಟರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ಎಣ್ಣೆ ಚರ್ಮಕ್ಕೆ ತೆಳುವಾದ ಕ್ರೀಮು, ಒಣ ಚರ್ಮಕ್ಕೆ ದಪ್ಪದ್ದು, ಹಚ್ಚುವುದೇ ಬೇಡ ಎನ್ನುವ ಚರ್ಮ ಮಾತ್ರ ಇಲ್ಲ. ಅದನ್ನೇ ಮನೆಗೆ ತಂದು ಹೇಳಿದರೆ ಶ್ರೀರಾಮ ಹಣೆ ಒರೆಸಿಕೊಂಡು ಎಣ್ಣೆ ಹತ್ತಿದ ಬೆರಳು ತೋರಿಸಿ ನಗುತ್ತಿದ್ದ.

"ನನ್ ಮುಖದ್ ಎಣ್ಣಿ ಹಿಂಡಿರೆ ನಂದಾದೀಪಕ್ ಸಾಕ್. ನಂಗೆಂತಕ್ಕೆ ನಿನ್ ಕ್ರೀಮ್?"

ಮುಖದ ಎಣ್ಣೆ ಕೈಗೆ ಇಳಿಯುವುದಿಲ್ಲ, ಇದ್ದದ್ದನ್ನು ಸೋಪು ತೆಗೆಯುತ್ತದೆ ಎಂದರೂ ಅವನಿಗೆ ತಮಾಷೆಯೇ. ಮೈಯಿಡೀ ಬೆವರು ಸುರಿಯುವ ಊರಿನಲ್ಲಿ ಚರ್ಮ ಒಣಗುವುದುಂಟೇ ಎಂದು ಅವಳ ಓದನ್ನೇ ಆಡಿಕೊಂಡ. ಅವಳು ತಂದಿಟ್ಟ ಟ್ಯೂಬು ಬಚ್ಚಲಿನ ಗೂಡಿನಲ್ಲಿ ಮುಚ್ಚಳ ತೆಗೆಯದೆ ಬಿದ್ದಿತ್ತು. ಈಗ ಅವಳಿಗೆ ಗಂಡನ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂತು.

"ನೆತ್ರ್ ಬಪ್ಪು ಕೈಯಲ್ಲ್ ದೇವ್ರನ್ ಮುಟ್ಟುಕಾಗ. ಅದ್ ನಿಂಗೂ ಗೊತ್ತಿತ್. ಈ ಸಲವೂ ನಾನೇ ಮಾಡ್ತೆ," ಎಂದ ಉದಯಶಂಕರ. ಮೊಕ್ತೇಸರರಿಗೆ ಸೀರೆ ತೋರಿಸಿ, ಒಪ್ಪಿಸಿಯೇ ಬಂದಿದ್ದನಂತೆ. ಅಪ್ಪ ಕೊನೆಯವರೆಗೂ ಪೂಜೆ ಮಾಡಿದರೂ ಅವರ ಕೈ ಒಡೆದದ್ದಿಲ್ಲ, ತನ್ನದೂ ಇಲ್ಲ, ಗಂಧ ತುಪ್ಪ ಬಿಟ್ಟರೆ ತಮ್ಮ ವಂಶದ ಕೈಗೆ ಬೇರೆ ಯಾವುದೂ ತಾಗಿದ್ದಿಲ್ಲ, ಎಲ್ಲದಕ್ಕೂ ಶುದ್ಧಿ ಬೇಕು ಎಂದು ಉಪದೇಶವನ್ನೂ ಸೇರಿಸಿದ. ಹೇಳುತ್ತಾ ಅಂಗೈಗಳನ್ನು ಒಂದಕ್ಕೊಂದು ಸವರಿಕೊಂಡ. ನುಣ್ಣಗಿದ್ದವು, ಬಾಣಂತನದಲ್ಲಿ ಎಣ್ಣೆ ಹಚ್ಚಿ ಮೀಯಿಸಿದ ಮಗುವಿನ ಕೈಯ ಹಾಗೆ.

ಆ ಕೈ ನೋಡುತ್ತಿದ್ದಂತೆ ಯಾಮಿನಿಯ ಮೈ ಉರಿಯಿತು. ಅವನ ಹೆಂಡತಿ ಮೂಕಾಂಬಿಕಾ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಬಂದು, ಚೀಟಿಯಿಲ್ಲದೆ ಹೆಸರು ಹೇಳಿ, ಸೆರಗಿನಡಿ ಮುಚ್ಚಿಕೊಂಡು ಒಯ್ಯುತ್ತಿದ್ದದ್ದು ಯಾವುದೆಂದು ಅವಳಿಗೆ ಗೊತ್ತಿತ್ತು. ನೀರಿನ ಕೆಲಸದವರಿಗೆ ಇದು ಒಳ್ಳೆಯದು ಎಂದು ಮೊದಲ ಸಲ ತೆಗೆದುಕೊಟ್ಟವಳೂ ಇವಳೇ.

"ಭಾವಯ್ಯ, ಅಕ್ಕ ನಮ್ಮಂಗ್ಡಿಂದ ತಕಂಡ್ ಹೋಪು ಕ್ರೀಮ್ ಯಾರ್ ಕೈಗೆ ಹಚ್ಚುದ್?"

ಉದಯಶಂಕರ ಸೀರೆ ಮಡಚುತ್ತಿದ್ದವನು ತಲೆಯೆತ್ತಿದ. ನಾಚಿಕೆಪಡುತ್ತಾನೆಂದು ಅವಳು ಕಾದಿದ್ದರೆ ಅದು ಅವಳದೇ ಪೆದ್ದುತನ.

"ಅದ್ ನಮ್ಮನಿ ವಿಷ್ಯ," ಎಂದ. "ನನ್ ಕೈ ಒಡಿಲಿಲ್ಲೆ. ಅಷ್ಟೆ."

ಗರ್ಭಗುಡಿಯ ಬೀಗದಕೈಗೆಂದು ಕೈ ಚಾಚಿದ. ಶ್ರೀರಾಮ ಉಡಿದಾರದಿಂದ ಅದನ್ನು ಬಿಚ್ಚುವಾಗ ಹೆಬ್ಬೆರಳ ಬಿರುಕು ಮತ್ತೆ ಬಾಯಿಬಿಟ್ಟಿತು. ಅಣ್ಣ ಬೀಗದಕೈಯನ್ನು ನೇರ ಮುಟ್ಟದೆ ನೆಲದ ಮೇಲಿಡಲು ಹೇಳಿ, ನೀರು ಚಿಮುಕಿಸಿ ಎತ್ತಿಕೊಂಡು ಹೋದ.

ಅವನು ಗದ್ದೆಯ ಅಂಚು ದಾಟಿದ. ಆಮೇಲೆ ಶ್ರೀರಾಮ ಹೆಂಡತಿಯ ಕಡೆ ತಿರುಗಿದ.

"ನೀನೇ ಕೊಟ್ಟದ್ದಾ ಅವ್ನಿಗೆ?"

"ಅಕ್ಕ ಕೇಂಡ್ರ್, ಹೇಳ್ದೆ. ನಿಮ್ಗೂ ಅದ್ನೇ ಹೇಳಿದ್ದೆ. ಅವ್ರ್ ಹಚ್ಕಂಡ್ರ್, ನೀವ್ ನೆಗ್ಯಾಡ್ದ್ರಿ."

ಮನೆಯವಳೇ ವೈರಿಗೆ ಆಯುಧ ಕೊಟ್ಟಳು ಎಂಬಂತೆ ಅವನು ಅವಳನ್ನು ನೋಡಿದ. ಅವಳೂ ಕಣ್ಣು ತಗ್ಗಿಸಲಿಲ್ಲ. ಆ ದಿನದಿಂದ ಊಟಕ್ಕೆ ಕರೆಯುವುದೊಂದು ಬಿಟ್ಟರೆ ಇಬ್ಬರ ನಡುವೆ ಮಾತಿಲ್ಲ. ಬಚ್ಚಲಿನ ಟ್ಯೂಬಿನ ಮುಚ್ಚಳ ಯಾವಾಗಲೋ ತೆರೆದಿತ್ತು. ಅದು ದಿನದಿನಕ್ಕೆ ಚಪ್ಪಟೆಯಾಗುವುದನ್ನು ಅವಳು ಕಂಡೂ ಕೇಳಲಿಲ್ಲ.

ನವರಾತ್ರಿಯ ಮೊದಲ ಬೆಳಿಗ್ಗೆ ಯಾಮಿನಿ ಬಸ್ಸಿಗೆಂದು ಹೊರಟಾಗ ಶ್ರೀರಾಮ ಮಿಂದು, ಮಡಿಯುಟ್ಟು, ಹೋಗಲು ಜಾಗವಿಲ್ಲದೆ ಜಗಲಿಯಲ್ಲಿ ಕೂತಿದ್ದ. ಬಿರುಕುಗಳು ಕೂಡಿಕೊಂಡಿದ್ದವು. ಹೆಬ್ಬೆರಳ ಬದಿಯಲ್ಲಿ ಎಳೆಯ ಚರ್ಮ ಗುಲಾಬಿಯಾಗಿ ಬಂದಿತ್ತು. ಗದ್ದೆಯಾಚೆ ಗುಡಿಯಲ್ಲಿ ಮಂಗಳಾರತಿಯ ಗಂಟೆ ಶುರುವಾಯಿತು. ಅವನು ಟ್ಯೂಬನ್ನು ತಳದಿಂದ ಹಿಂಡಿ, ಬಂದಷ್ಟನ್ನು ಅಂಗೈಗೆ ಹಾಕಿ, ಬೆರಳ ಸಂದುಗಳಿಗೆ ಒಂದೊಂದಾಗಿ ತಿಕ್ಕತೊಡಗಿದ. ಗಂಟೆ ನಿಂತ ಮೇಲೂ ತಿಕ್ಕುತ್ತಲೇ ಇದ್ದ.