ಮಂಗಳವಾರದ ಬಾಗಿಲುಗಳು

ಮೂರನೇ ಸ್ಕ್ರೂ ಬಿಚ್ಚುವಾಗ ಅದರ ತಲೆ ಸವೆದುಹೋಯಿತು. ಹೇಝಲ್ ಬ್ರೇಥ್‌ವೇಟ್ ಸ್ಕ್ರೂಡ್ರೈವರನ್ನು ಬೋಗಿಯ ಮೆಟ್ಟಿಲ ಹಲಗೆಯ ಮೇಲೆ ಕುಕ್ಕಿ, ಬಾಗಿಲಿಗೆ ಹಣೆ ಒರಗಿಸಿ ನಿಂತಳು. ನಿನ್ನೆ ಮಂಗಳವಾರ ಈ ಬೀಗ ಕೂರಿಸಿದವರು ಆಲ್ವಿನ್ ಸ್ಕೇಫ್. ಬೀಗ ಕಾಲಂಗುಲ ಕೆಳಕ್ಕೆ ಕೂತಿತ್ತು. ಅದರ ನಾಲಿಗೆ ಚೌಕಟ್ಟಿನ ತೂತಿಗೆ ಸೇರುತ್ತಲೇ ಇರಲಿಲ್ಲ, ಸುಮ್ಮನೆ ಹಿತ್ತಾಳೆಯ ತಗಡಿಗೆ ತಾಗಿಕೊಂಡಿತ್ತು. ರೈಲು ಒಂದು ತಿರುವಿನಲ್ಲಿ ವಾಲಿದರೆ ಸಾಕು, ಬಾಗಿಲು ತೆರೆದುಕೊಳ್ಳುತ್ತದೆ. ಶುಕ್ರವಾರ ತಪಾಸಣೆಗೆ ಬರುವ ಮನುಷ್ಯ ಮೊದಲು ಕೈ ಹಾಕುವುದೇ ಬಾಗಿಲುಗಳಿಗೆ.

"ಇವತ್ತೂ ಬಿಚ್ಚೋದಾ?" ಎಂದು ಕ್ಲೈವ್ ಕೆಳಗಿನಿಂದ ಕೇಳಿದ. ಅವನು ಶೆಡ್ಡಿನ ಕೆಲಸದ ಪುಸ್ತಕ ಬರೆಯುವವನು. ಯಾರು ಯಾವ ದಿನ ಏನು ಮಾಡಿದರು ಎಂಬುದೆಲ್ಲ ಅವನ ದುಂಡು ಅಕ್ಷರಗಳಲ್ಲಿ ದಾಖಲಾಗುತ್ತಿತ್ತು.

"ಇಲ್ಲ, ಅದರ ತಲೆ ನೇವರಿಸ್ತಿದೀನಿ."

"ಅವರಿಗೆ ಹೇಳಿಬಿಡು ಹೇಝಲ್."

"ನೀನು ಹೇಳು. ನಿನಗೆ ಬಾಯಿಲ್ವಾ?"

ಎರಡು ವರ್ಷದಿಂದ ಈ ಮಾತು ಇಷ್ಟಕ್ಕೇ ನಿಲ್ಲುತ್ತಿತ್ತು. ಥಾರ್ನ್‌ಬೆಕ್‌ನ ಹಳೆಯ ರೈಲುದಾರಿಗಾಗಿ ಹಳೆಯ ಬೋಗಿಗಳನ್ನು ದುರಸ್ತಿ ಮಾಡುವ ಈ ಶೆಡ್ಡಿನಲ್ಲಿ ಯಾರಿಗೂ ಸಂಬಳವಿಲ್ಲ. ಬರುವವರೆಲ್ಲ ಇಷ್ಟಪಟ್ಟು ಬರುವವರು, ಅದಕ್ಕೇ ಯಾರಿಗೂ ಏನೂ ಹೇಳುವ ಹಾಗಿಲ್ಲ. ಈ ಮೂರನೇ ದರ್ಜೆಯ ಬೋಗಿ ಐವತ್ತು ವರ್ಷ ಒಬ್ಬ ರೈತನ ಹೊಲದಲ್ಲಿ ಕೋಳಿಗೂಡಾಗಿ ಬಿದ್ದಿತ್ತು. ಅದನ್ನು ತಂದ ದಿನ ಒಳಗಿನ ಹಿಕ್ಕೆಯನ್ನು ಸಲಿಕೆಯಲ್ಲಿ ಎತ್ತಿದವಳು ಹೇಝಲ್. ಆಗಷ್ಟೇ ಶಾಲೆಯೊಂದರ ಕಚೇರಿಯಿಂದ ನಿವೃತ್ತಳಾಗಿದ್ದ ಅವಳಿಗೆ ಉಳಿ ಹಿಡಿಯಲೂ ಬರುತ್ತಿರಲಿಲ್ಲ. ಕಲಿಸಿದವರು ಆಲ್ವಿನ್. ನಲವತ್ತು ವರ್ಷ ಬೋಗಿ ಕಾರ್ಖಾನೆಯಲ್ಲಿ ಮರಗೆಲಸ ಮಾಡಿದ ಮನುಷ್ಯ. ಈಗ ಎಂಬತ್ತೊಂದು. ಮಂಗಳವಾರ, ಶನಿವಾರ ತಪ್ಪದೆ ಬರುತ್ತಿದ್ದರು. ಅವರು ಕೂರಿಸಿಹೋದದ್ದನ್ನು ಹೇಝಲ್ ಬುಧವಾರವೋ ಭಾನುವಾರವೋ ಬಿಚ್ಚಿ, ತೂತುಗಳಿಗೆ ಮರದ ಬಿರಡೆ ಬಡಿದು, ಮತ್ತೆ ಕೂರಿಸುತ್ತಿದ್ದಳು. ಅವಳ ಸ್ವಂತ ಕೆಲಸವಾದ ಕಿಟಕಿಗಳು ಇನ್ನೂ ಅರ್ಧದಲ್ಲೇ ಇದ್ದವು.

ಬೀಗ ಅಂತೂ ಕೈಗೆ ಬಂತು. ಅಷ್ಟರಲ್ಲಿ ಶೆಡ್ಡಿನ ದೊಡ್ಡ ಕದದ ಬಳಿ ಕೆಮ್ಮು ಕೇಳಿಸಿತು. ಆಲ್ವಿನ್. ಇದುವರೆಗೆ ಯಾವ ಬುಧವಾರವೂ ಅವರು ಬಂದದ್ದಿಲ್ಲ. ಭಾನುವಾರ ಚರ್ಚಿಗೆ ಹಾಕುವ ಒಳ್ಳೆಯ ಕೋಟು ಹಾಕಿದ್ದರು.

"ಇದ್ದೀಯಾ ಹುಡುಗಿ?" ಎಂದರು. ಹೇಝಲ್‌ಗೆ ಅರವತ್ತೊಂಬತ್ತಾಗಿದ್ದರೂ ಅವರಿಗೆ ಅವಳು ಹುಡುಗಿಯೇ. "ಕಣ್ಣಿನ ಆಸ್ಪತ್ರೆಯಿಂದ ಸೀದಾ ಬಂದೆ. ಅಲ್ಲೊಬ್ಬಳು ಡಾಕ್ಟರಮ್ಮ ಚೌಕಳಿ ಹಾಳೆ ಹಿಡಿದು, ಗೆರೆ ನೆಟ್ಟಗಿದೆಯಾ ಅಂತ ಕೇಳ್ತಾಳೆ. ಡೊಂಕು ಅಂದೆ. ಹಾಗಾದ್ರೆ ನಿಮ್ಮ ಕಣ್ಣೇ ಡೊಂಕು ಅಂತಾಳೆ. ನಾನಂದೆ, ನೋಡಮ್ಮ, ಕಣ್ಣು ಏನಾದ್ರೂ ತೋರಿಸ್ಲಿ, ನನ್ನ ಕೈ ಸುಳ್ಳು ಹೇಳಲ್ಲ. ಬಂದು ನಮ್ಮ ಬೋಗಿ ಬಾಗಿಲು ಹಾಕಿ ನೋಡು, ಒಂದು ಕೂದಲು ತೂರಲ್ಲ ಅಂದೆ."

ಹೇಝಲ್ ಬೀಗವನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ಆಲ್ವಿನ್ ಮೆಟ್ಟಿಲ ಹಲಗೆಯ ಬಳಿ ಬಂದು, ಮಾತಾಡುತ್ತಲೇ ಬಾಗಿಲಿನ ಅಂಚನ್ನು ಸವರಿದರು. ಬೆರಳುಗಳು ಖಾಲಿ ಗುಂಡಿಯೊಳಕ್ಕೆ ಇಳಿದವು.

"ಬೀಗ ಎಲ್ಲಿ?"

"ಸ್ಕ್ರೂ ತುಕ್ಕು ಹಿಡಿದಿತ್ತಂತೆ," ಎಂದ ಕ್ಲೈವ್.

"ಹೊಸ ಹಿತ್ತಾಳೆ ಸ್ಕ್ರೂಗೆ ಒಂದೇ ದಿನಕ್ಕೆ ತುಕ್ಕಾ? ನೀನು ಪುಸ್ತಕ ಬರಿ ಕ್ಲೈವ್. ಹೇಝಲ್, ನೀನು ಹೇಳು."

ಅವಳು ಬೀಗ ತೆಗೆದು ಅವರ ಅಂಗೈಯಲ್ಲಿಟ್ಟಳು. "ಕಾಲಂಗುಲ ಕೆಳಗಿತ್ತು. ನಾಲಿಗೆ ಕೂರ್ತಿರಲಿಲ್ಲ."

"ಇದೊಂದೇನಾ?"

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಎಷ್ಟು ದಿನದಿಂದ ನಡೀತಿದೆ?"

"ಎರಡು ವರ್ಷ."

"ಎಷ್ಟು ಬಾಗಿಲು?"

"ಇದು ಹತ್ತನೇದು."

ಬೋಗಿಗೆ ಇದ್ದದ್ದೇ ಹತ್ತು ಬಾಗಿಲು. ಆಲ್ವಿನ್ ಮೆಟ್ಟಿಲ ಹಲಗೆಯ ಮೇಲೆ ಕೂತರು. ಬೀಗದ ನಾಲಿಗೆಯನ್ನು ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿದರು, ಬಿಟ್ಟರು, ಮತ್ತೆ ತಳ್ಳಿದರು.

"ಒಂದೂವರೆ ವರ್ಷದ ಹಿಂದೆ ಆಸ್ಪತ್ರೆಯಿಂದ ಒಂದು ಕಾಗದ ಬಂದಿತ್ತು," ಎಂದರು. "ಕಣ್ಣಿಗೆ ಸೂಜಿ ಹಾಕ್ತೀವಿ, ಬನ್ನಿ ಅಂತ. ಕಣ್ಣಿಗೆ ಸೂಜಿ ಅಂದ್ರೆ ಯಾರಿಗೆ ಹೆದರಿಕೆ ಆಗಲ್ಲ? ಆ ಶನಿವಾರ ಇಲ್ಲಿಗೆ ಬಂದೆ. ಮಂಗಳವಾರ ಹಾಕಿದ್ದ ಬಾಗಿಲು ಎಳೆದು ನೋಡಿದೆ. ಟಕ್ ಅಂತ ಕೂತ್ಕೊಳ್ತು. ಎಷ್ಟು ಚೆನ್ನಾಗಿ ಕೂತ್ಕೊಳ್ತು ಗೊತ್ತಾ? ಇಂಥ ಕೆಲಸ ಮಾಡೋ ಕಣ್ಣಿಗೆ ಏನಾಗಿದೆ ಅಂದ್ಕೊಂಡು ಕಾಗದ ಹರಿದು ಹಾಕಿದೆ. ಇವತ್ತು ಆ ಡಾಕ್ಟರಮ್ಮ ಹೇಳಿದ್ಲು, ಎಡಗಣ್ಣಿನ ದೃಷ್ಟಿ ಇನ್ನು ಬರಲ್ಲವಂತೆ. ಆಗಲೇ ಬಂದಿದ್ರೆ ಉಳೀತಿತ್ತಂತೆ."

ಹೇಝಲ್‌ಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷದ ಬುಧವಾರಗಳು, ಬಿರಡೆ ಬಡಿದ ನೂರಾರು ತೂತುಗಳು, ಮನೆಯಲ್ಲಿ ಯಾರಿಗೂ ಹೇಳದೆ ನುಂಗಿದ ಸುಸ್ತು. ಅದೆಲ್ಲ ಸೇರಿ ಮಾಡಿದ್ದು ಇದನ್ನೇ.

"ಆ ಕಾಗದದ ಮಾತು ನಮ್ಮಲ್ಲಿ ಯಾರಿಗಾದ್ರೂ ಹೇಳಿದ್ರಾ ನೀವು?" ಎಂದಳು. "ನಿಮಗೆ ಬೇಜಾರಾಗಬಾರದು ಅಂತ ನಾನು ಇಲ್ಲಿ..."

"ನೀನು ಮಾಡಿದ ಮೊದಲ ಮೂರು ಚೌಕಟ್ಟು ನಾನು ಏನು ಮಾಡಿದೆ?"

"ಒಲೆಗೆ ಹಾಕಿದ್ರಿ."

"ನಿನ್ನೆದುರಿಗೇ ಹಾಕಿದೆ. ಬೇಜಾರಾಯ್ತಾ?"

"ಒಂದು ವಾರ ಅತ್ತೆ."

"ಆಮೇಲೆ ನೀನು ನಾಲ್ಕನೇದು ಮಾಡಿದೆ. ನನಗೂ ಹಾಗೇ ಬೇಜಾರು ಮಾಡಬಾರದಿತ್ತಾ?"

ಕ್ಲೈವ್ ಚಹಾ ತರುತ್ತೇನೆಂದು ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಆಲ್ವಿನ್ ಎದ್ದು ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು. "ಪೆನ್ಸಿಲ್ ಕೊಡು. ನಾನು ಗುರುತು ಹಾಕ್ತೀನಿ. ತಪ್ಪಿದ್ರೆ ತಪ್ಪು ಅನ್ನು. ಬೇರೆ ಏನೂ ಅನ್ನಬೇಡ."

ಬೀಗವನ್ನು ಬಾಗಿಲಿಗೆ ಹಿಡಿದು, ಮೂಗು ಮರಕ್ಕೆ ತಾಗುವಷ್ಟು ಬಗ್ಗಿ ಗೆರೆ ಎಳೆದರು.

"ತಪ್ಪು," ಎಂದಳು ಹೇಝಲ್.

ಉಜ್ಜುಕಾಗದದಿಂದ ಗೆರೆ ಅಳಿಸಿದರು. ತಲೆ ವಾರೆ ಮಾಡಿ, ಬಲಗಣ್ಣಿನ ಮೂಲೆಯಿಂದ ನೋಡಿ ಮತ್ತೆ ಎಳೆದರು.

"ತಪ್ಪು."

"ಮೇಲಾ, ಕೆಳಗಾ?"

"ಬೇರೆ ಏನೂ ಅನ್ನಬೇಡ ಅಂದ್ರಿ."

ಆಲ್ವಿನ್ ತುಟಿ ಬಿಗಿದು ಮೂರನೆಯ ಸಲ ಎಳೆದರು, ನಾಲ್ಕನೆಯ ಸಲ ಎಳೆದರು. ನಾಲ್ಕನೆಯದು ಕೂದಲೆಳೆಯಷ್ಟು ಮಾತ್ರ ತಪ್ಪಿತ್ತು. ಬಿಟ್ಟುಬಿಡಬಹುದಿತ್ತು, ಅಷ್ಟು ವ್ಯತ್ಯಾಸವನ್ನು ಉಳಿಯಲ್ಲಿ ಸರಿಪಡಿಸಬಹುದಿತ್ತು. ಅವರು ಮುಖ ತಿರುಗಿಸದೆ ಕಾಯುತ್ತಿದ್ದರು.

"ತಪ್ಪು," ಎಂದಳು.

ಅವರು ಪೆನ್ಸಿಲನ್ನು ಅವಳಿಗೆ ಕೊಟ್ಟರು. "ನೀನು ಹಾಕು. ನಾನು ಬಾಗಿಲು ಹಿಡ್ಕೊಳ್ತೀನಿ. ಹಿಡಿಯೋಕೆ ಕಣ್ಣು ಬೇಡವಲ್ಲ."

ತೇಗದ ಬಾಗಿಲಿಗೆ ಭುಜ ಕೊಟ್ಟು ಅವರು ನಿಂತರು, ಅವಳು ಗುಂಡಿ ಕೊರೆದಳು. ಎರಡು ಗಂಟೆ ಹಿಡಿಯಿತು. ಒಮ್ಮೆ ಅವಳು ಉಳಿಯನ್ನು ಅವಸರದಲ್ಲಿ ತಳ್ಳಿದಾಗ, "ಶಬ್ದ ಸರಿಯಿಲ್ಲ, ನಾರು ಕಿತ್ತು ಬರ್ತಿದೆ," ಎಂದು ಗದರಿದರು. ಅದು ನಿಜವಾಗಿತ್ತು.

ತಣ್ಣಗಾದ ಚಹಾ ಹಿಡಿದು ಬಂದ ಕ್ಲೈವ್ ಪುಸ್ತಕ ತೆರೆದ. "ಯಾರ ಹೆಸರು ಬರೀಲಿ?"

"ಅವಳದ್ದು. ಹಿಂದಿನ ಒಂಬತ್ತಕ್ಕೂ ಅವಳದ್ದೇ," ಎಂದರು ಆಲ್ವಿನ್. "ಸೋಮವಾರ ಬಲಗಣ್ಣಿಗೆ ಸೂಜಿ. ಮಂಗಳವಾರ ಬರಲ್ಲ ಅಂತಲೂ ಬರ್ಕೋ."

"ಶನಿವಾರ?" ಎಂದಳು ಹೇಝಲ್.

ಅವರು ಕೋಟಿನ ತೋಳು ಹುಡುಕುವುದರಲ್ಲಿ ಮಗ್ನರಾಗಿದ್ದರು.

ಹೊರಗೆ ಅಂಗಳದಲ್ಲಿ ಅವರ ಹಸಿರು ಕಾರು ಎರಡು ಗಾಡಿಗಳ ಜಾಗಕ್ಕೆ ಅಡ್ಡಲಾಗಿ ನಿಂತಿತ್ತು. ಎಡಬದಿಯ ಕನ್ನಡಿ ಒಳಕ್ಕೆ ಮಡಚಿಕೊಂಡು, ಅದರ ಸಂದಿಯಲ್ಲಿ ಬೇಲಿಯ ಮುಳ್ಳುಕಡ್ಡಿಯೊಂದು ಸಿಕ್ಕಿಕೊಂಡಿತ್ತು. ಹೇಝಲ್ ಅದನ್ನು ನೋಡಿದಳು. ಆಮೇಲೆ ಅಂಗೈ ಚಾಚಿ ನಿಂತಳು. ಆಲ್ವಿನ್ ಜೇಬು ತಡಕಿ, ಇನ್ನೊಂದು ಜೇಬು ತಡಕಿ, ಕೊನೆಗೆ ಕೀಲಿ ಕೊಟ್ಟರು.

ಅವಳು ಕಡ್ಡಿ ಕಿತ್ತು ಬಿಸಾಡಿ, ಕನ್ನಡಿ ಸರಿಮಾಡಿ, ಚಾಲಕನ ಸೀಟನ್ನು ಮುಂದಕ್ಕೆಳೆದುಕೊಂಡು ಕೂತಳು. ಪಕ್ಕದಲ್ಲಿ ಆಲ್ವಿನ್, ಕಾರು ಓಡಿಸುವಾಗಿನ ಅಭ್ಯಾಸದಂತೆ, ಸೀಟ್ ಬೆಲ್ಟಿಗಾಗಿ ಬಲಭುಜದ ಮೇಲೆ ಕೈಯಾಡಿಸಿದರು. ಅಲ್ಲಿ ಏನೂ ಇರಲಿಲ್ಲ. ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ನಂತರ ನಿಧಾನವಾಗಿ ಎಡಕ್ಕೆ ಹೊರಳಿತು.